ದುಡಿಯಲು ಹೋದ ಲಟ್ಟಣಿಗೆ

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಗೇ ಖಾರ ಹತ್ತುತ್ತಿದ್ದ ಆ ದಿನಗಳಲ್ಲಿ, ನಮ್ಮೂರಿಗೆ ನಾಟಕ ಕಂಪನಿಯ ಟೆಂಟು ಬರುತ್ತಿತ್ತು. ಮಾರ್ಕೆಟ್ಟಿನ ಘಾಟು ಬೀಸಿದರೆ ಪ್ರೇಕ್ಷಕರ ಜೊತೆ ರಂಗದ ಮೇಲಿನ ರಾಜನೂ ಸೀನುತ್ತಿದ್ದ. ಇದನ್ನು ನಾನೇ ಕಂಡಿದ್ದೆನೋ, ಯಾರಾದರೂ ಹೇಳಿದ್ದೋ, ಈಗ ಖಾತ್ರಿಯಿಲ್ಲ. ಚಿಗವ್ವನ ಕಥೆ ಮಾತ್ರ ಖಾತ್ರಿ. ಬಹುಮಟ್ಟಿಗೆ.

ಸುಜಾತಾ ಚಿಗವ್ವ ಅವ್ವನ ತಂಗಿ, ರಾಣೆಬೆನ್ನೂರಿನ ಆರ್ಕೆಸ್ಟ್ರಾದ ಗಾಯಕಿ. ಮದುವೆಯಿರಲಿ, ಗಣಪತಿ ಹಬ್ಬವಿರಲಿ, ಸಿನಿಮಾ ಹಾಡಿಗೆ ಅವಳೇ ಬೇಕು. ಅಂಥವಳು ಆ ವರ್ಷ ಕಂಪನಿ ಸೇರಿ ನಮ್ಮ ಮನೆಯಲ್ಲಿ ಬಂದು ಉಳಿದಳು. ಯಾಕೆಂದು ಅಜ್ಜಿ ಕೇಳಿದಳು.

“ಅಲ್ಲಿ ಯಾರ್‍ಯಾರದೋ ದನಿ ತಗದು ಹಾಡ್ತೇನಿ ಬೇ. ಇಲ್ಲಿ ಹಾಡೂ ನಂದ, ದನಿನೂ ನಂದ.”

ತೊಂದರೆಯಾದದ್ದು ಅವಳ ಬಲಗೈಯಿಂದ. ವರ್ಷಗಟ್ಟಲೆ ಮೈಕು ಹಿಡಿದ ಕೈ ಅದು. ನಾಟಕದಲ್ಲಿ ಮೈಕು ತಲೆಯ ಮೇಲೆ ತೂಗುತ್ತಿತ್ತು. ಆದರೂ ಹಾಡು ಎತ್ತಿದ ಕೂಡಲೇ ಚಿಗವ್ವನ ಮುಷ್ಟಿ ಬಾಯಿಯ ಮುಂದೆ ಬಂದುಬಿಡುತ್ತಿತ್ತು.

“ಅಕ್ಕಾರ, ಕುಲ್ಫಿ ಕರಗಾಕತ್ತೈತ್ರಿ!” ಎಂದು ಮುಂದಿನ ಸಾಲಿನವರು ಕೂಗುತ್ತಿದ್ದರು.

ಕೊನೆಗೆ ಕಂಪನಿಯ ಮಾಲಕರು ಹೇಳಿಬಿಟ್ಟರು: “ನೋಡವಾ, ಇವತ್ತೂ ಕೈ ಬಾಯಿಗೆ ಹೋತಂದ್ರ ನಾಳೆ ಆರ್ಕೆಸ್ಟ್ರಾಕ್ಕ ಹೋಗಿಬಿಡು. ನಿನ್ನ ಪಾತ್ರಕ್ಕ ಗದಗಿನಾಕೀನ್ನ ಕರಸ್ತೇನಿ.”

ಮಧ್ಯಾಹ್ನ ಚಿಗವ್ವ ಊಟ ಬಿಟ್ಟು ಕೂತಳು. ಚಪಾತಿ ಲಟ್ಟಿಸುತ್ತಿದ್ದ ಅಜ್ಜಿ ಅವಳನ್ನೇ ನೋಡಿದಳು. “ಖಾಲಿ ಕೈ ಬಾಯಿಗೆ ಹೋಗೂದ. ಅದಕ್ಕೊಂದು ಕೆಲ್ಸ ಕೊಡು,” ಎಂದು ಲಟ್ಟಣಿಗೆಯ ಹಿಟ್ಟನ್ನು ಸೆರಗಿಗೆ ಒರೆಸಿ ಅವಳ ಕೈಗಿಟ್ಟಳು. “ಪಾತ್ರ ಸೊಸೀದಲ್ಲ? ಇದನ್ನ ಹಿಡ್ಕೊಂಡು ನಿಂದ್ರು. ಗಂಡಗೂ ಒಂದೀಟು ಅಂಜಿಕಿ ಇರತೈತಿ.”

ಸಂಜೆಯ ಆಟಕ್ಕೆ ನಾವೆಲ್ಲ ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಹಿಡಿದು ಮುಂದೆ ಕೂತೆವು. ಹಾರ್ಮೋನಿಯಂ ಸುರುವಾಯಿತು. ಮೊದಲ ಸಾಲಿಗೆ ಲಟ್ಟಣಿಗೆ ಸೊಂಟದ ಹತ್ತಿರವೇ ಇತ್ತು. ಎರಡನೆಯದಕ್ಕೆ ಎದೆಗೆ ಬಂತು. “ಇಳಸ, ಇಳಸ,” ಎಂದು ಅಜ್ಜಿ ಹಲ್ಲು ಕಚ್ಚಿ ಗೊಣಗಿದಳು. ಪಲ್ಲವಿ ಮತ್ತೆ ಬರುವಷ್ಟರಲ್ಲಿ ಚಿಗವ್ವ ಕಣ್ಣು ಮುಚ್ಚಿ, ಲಟ್ಟಣಿಗೆಯ ತುದಿಯನ್ನು ತುಟಿಗೆ ಹಿಡಿದು, ಆರ್ಕೆಸ್ಟ್ರಾದ ಠೀವಿಯಲ್ಲೇ ಹಾಡುತ್ತಿದ್ದಳು. ಇಲ್ಲದ ವಾಯರನ್ನು ಎಡಗೈಯಿಂದ ಸರಿಸಿಕೊಳ್ಳುತ್ತಲೂ ಇದ್ದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಂಥ ನಗು! ಗಂಡನ ಪಾತ್ರದವನು ಸಮಯ ನೋಡಿ ಲಟ್ಟಣಿಗೆಗೆ ಬಾಯಿ ಹಚ್ಚಿ, “ಹಲೋ, ಹಲೋ, ಮೈಕ್ ಟೆಸ್ಟಿಂಗ್!” ಎಂದ. ಚಿಗವ್ವ ಅದರಿಂದಲೇ ಅವನ ತಲೆಗೊಂದು ಕೊಟ್ಟು ಹಾಡು ಮುಂದುವರಿಸಿದಳು.

“ವನ್ಸ್ ಮೋರ್!”

ಮತ್ತೆ ಹಾಡು, ಮತ್ತೆ ಏಟು. ಎಲ್ಲರ ಕಣ್ಣಲ್ಲೂ ನೀರು. ಅದರಲ್ಲಿ ಘಾಟಿನ ಪಾಲೂ ಇದ್ದೀತು. ಮೊದಲ ವನ್ಸ್ ಮೋರ್ ಕೂಗಿದವಳು ಅಜ್ಜಿ ಎಂದು ನನ್ನ ನೆನಪು. ಅಜ್ಜಿಗೆ ಆ ಶಬ್ದವೇ ಗೊತ್ತಿರಲಿಲ್ಲ ಎನ್ನುತ್ತಾಳೆ ಅವ್ವ.

ಆಟ ಮುಗಿದ ಮೇಲೆ ಮಾಲಕರು ಅಂದದ್ದು ಇಷ್ಟೇ: “ನಾಳೆ ಲಟ್ಟಣಿಗಿ ಮರತು ಬರಬ್ಯಾಡವಾ.”

ಮರೆಯಬಾರದೆಂದು ಚಿಗವ್ವ ಅದನ್ನು ಟೆಂಟಿನಲ್ಲೇ ಬಿಟ್ಟು ಬಂದಳು. ಆ ಸುಗ್ಗಿ ಮುಗಿಯುವ ತನಕ ನಮಗೆ ಕೈಯಿಂದ ಬಡಿದ ಜೋಳದ ರೊಟ್ಟಿಯೇ ಗತಿ. ಹೊಸ ಲಟ್ಟಣಿಗೆ ತರೋಣವೆಂದರೆ ಅಜ್ಜಿ ಒಪ್ಪಳು. “ಅದು ದುಡಿಯಾಕ ಹೋಗೇತಿ. ಬರತೈತಿ ತಡೀರಿ.”

ಕಂಪನಿ ಹಾವೇರಿಗೆ ಹೋಯಿತು. ಚಿಗವ್ವನೂ ಹೋದಳು, ಲಟ್ಟಣಿಗೆಯೂ ಹೋಯಿತು. ಊರೂರು ಹಾಡಿದ ಕಂಪನಿ ಒಂದು ದಿನ ಮುಚ್ಚಿತು. ನಮ್ಮೂರಲ್ಲಿ ಟೆಂಟು ಏಳುತ್ತಿದ್ದ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಅಜ್ಜಿ ಇಲ್ಲ. ಹಾವೇರಿಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ಚಿಗವ್ವನಿಗೆ ಮೊನ್ನೆ ಫೋನು ಮಾಡಿ, ಲಟ್ಟಣಿಗೆ ಏನಾಯಿತೆಂದು ಕೇಳಿದೆ.

“ಯಾವ ಊರಾಗ ಉಳೀತೋ ಯವ್ವಾ,” ಎಂದು ನಕ್ಕಳು.

ನನ್ನ ಅಡುಗೆಮನೆಯಲ್ಲಿರುವ ಲಟ್ಟಣಿಗೆ ನುಣುಪಾದದ್ದು. ಚಪಾತಿ ಗುಂಡಗೇ ಬರುತ್ತವೆ. ದುಡಿಯಲು ಹೋದದ್ದು ಮಾತ್ರ ಇನ್ನೂ ಬಂದಿಲ್ಲ.