ಉಚ್ಚೆಂಗಮ್ಮ ಉಡಿ ತುಂಬಿದ ಕಟ್ಟೆ

ನೆರೆಮನೆಯವಳ ಸರದ ಮೇಲೆ, ಓರಗಿತ್ತಿಯ ಗಂಡುಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮಣ್ಣಿನ ಏರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಮಾತ್ರ ಒಬ್ಬಳೇ, ನಮಗೆ ಹಾಲು ಹಾಕುವ ಉಚ್ಚೆಂಗಮ್ಮ.

ಹೊಸಪೇಟೆಯಿಂದ ಪಾಪಿನಾಯಕನಹಳ್ಳಿಗೆ ಹೋಗುವ ದಾರಿ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಕಣಿವೆ ಕಟ್ಟೆ ಸಿಗುತ್ತದೆ. ಹೊಲಕ್ಕೆ ನೀರುಣಿಸುವ ಕೆರೆಯಲ್ಲ ಅದು. ಸಂಡೂರಿನ ಗುಡ್ಡದಲ್ಲಿ ಮಳೆ ಹೊಡೆದಾಗ ಒಮ್ಮೆಲೇ ನುಗ್ಗಿ ಬರುವ ಹಳ್ಳವನ್ನು ತಡೆದು, ತೂಬಿನಿಂದ ಅಷ್ಟಷ್ಟೇ ಹೊರಗೆ ಬಿಟ್ಟು, ಕೆಳಗಿನ ಕೇರಿಯನ್ನು ಕಾಯುವ ಕಟ್ಟೆ. ಯಾವ ಕಾಲದ್ದೋ ಏನೋ, ಮೈಯೆಲ್ಲ ಮುಪ್ಪು. ನಮ್ಮ ಮನೆಯವರು ಪಿ.ಡಬ್ಲ್ಯು.ಡಿ.ಯಲ್ಲಿ ಓವರ್‌ಸಿಯರ್ ಆದ್ದರಿಂದ ಅದರ ಹೊಣೆ ಅವರದು. ಹಗಲೂ ರಾತ್ರಿ ಅದನ್ನು ಕಾಯುವವನು ನೀರಗಂಟಿ ಜಂಬಯ್ಯ, ಉಚ್ಚೆಂಗಮ್ಮನ ಗಂಡ.

ಬೆಳಿಗ್ಗೆ ನಾನು ಹಿತ್ತಲಲ್ಲಿ ಕೂತು ಮಗುವಿಗೆ ಎಣ್ಣೆ ತಿಕ್ಕುವ ಹೊತ್ತಿಗೆ ಅವಳು ಬರುತ್ತಿದ್ದಳು. ಹಾಲು ಅಳೆದು ಕೊಟ್ಟ ಮೇಲೂ ಏಳುತ್ತಿರಲಿಲ್ಲ. ಕಂಪ್ಲಿಯ ಹರಿಗೋಲಿನವರ ಮಗಳು, ಹೊಳೆಯ ದಂಡೆಯಲ್ಲಿ ಆಡಿ ಬೆಳೆದವಳು. ತನ್ನ ತವರಿನ ನೀರಿಗೆ ಕಾವಲೇ ಇಲ್ಲ, ಅದರ ಪಾಡಿಗೆ ಅದು ಹರಿಯುತ್ತದೆ, ಇಲ್ಲಿಯ ಹಳ್ಳಕ್ಕೆ ಮಾತ್ರ ಏನು ಸೊಕ್ಕೋ ಅನ್ನುವಳು. ಬೇರೆ ಹೆಂಗಸರು ಗಂಡನ ಕುಡಿತದ ಮಾತು, ಅತ್ತೆಯ ಮಾತು ತೆಗೆದರೆ ಇವಳು ತೆಗೆಯುವುದು ಕಟ್ಟೆಯ ಮಾತು. ಮದುವೆಯಾಗಿ ಬಂದ ವಾರವೇ ಮಳೆ ಹಿಡಿದು ಗಂಡ ಏರಿಯ ಮೇಲೆ ಮಲಗಿದನಂತೆ. ಮಗಳು ಹುಟ್ಟಿದ ದಿನವೂ ಅಲ್ಲೇ ಇದ್ದನಂತೆ. ಏರಿಯಲ್ಲಿ ಏಡಿ ತೂತು ಮಾಡಿದರೆ ಮುಚ್ಚುತ್ತಾನೆ, ಬೇವಿನ ಸಸಿ ಎದ್ದರೆ ಬೇರು ಇಳಿಯುವ ಮೊದಲೇ ಕಿತ್ತುಹಾಕುತ್ತಾನೆ, ಇರುವೆ ಗೂಡು ಕಂಡರೆ ಮನೆಯ ಊಟ ಮರೆಯುತ್ತಾನೆ.

"ಅದರ ಬೆನ್ನು ದಿನಾ ತಿಕ್ತಾನ್ರಿ ಅಮ್ಮಾರ," ಅಂದಳು ಒಂದು ದಿನ, ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟಲು ನೋಡುತ್ತ. "ನನ್ನ ಬೆನ್ನಿಗೆ ಒಂದಿನಾನೂ ಎಣ್ಣಿ ಹಚ್ಚಿಲ್ಲ. ಸವತಿ ಅಂದ್ರ ಇನ್ನೆಂಗಿರ್ತಾಳ?"

ನಾನು ನಕ್ಕೆ. ಆದರೆ ಆ ದಿನ ಊಟಕ್ಕೆ ಕೂತ ಇವರು ಕಟ್ಟೆಯ ಕೋಡಿಯಲ್ಲಿ ಬಿರುಕು ಬಿಟ್ಟದ್ದನ್ನು ಹೇಳುತ್ತಲೇ ಹೋದಾಗ, ಮಗು ಮಗ್ಗುಲಾದದ್ದನ್ನು ಹೇಳಬೇಕೆಂದು ಬೆಳಗಿನಿಂದ ಕಾದಿದ್ದ ನನಗೆ ನಗು ಬರಲಿಲ್ಲ.

ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿದ್ದು ಒಂದು ಬಿಳಿ ಬಟ್ಟೆ. ಕಟ್ಟೆಯ ಬುಡದಲ್ಲಿ, ತೂಬಿನ ಕಲ್ಲುಗಳ ಸಂದಿನಿಂದ ವರ್ಷವೆಲ್ಲ ಸಣ್ಣಗೆ ನೀರು ಜಿನುಗುತ್ತದೆ. ಜಂಬಯ್ಯ ದಿನಾ ಬೆಳಿಗ್ಗೆ ಬರಿಗಾಲಲ್ಲಿ ಬುಡದುದ್ದಕ್ಕೂ ನಡೆದು, ಕೊನೆಗೆ ಅಲ್ಲಿ ಕೂತು ಬಿಳಿ ಬಟ್ಟೆಯ ಮೇಲೆ ಆ ನೀರು ಬಿಟ್ಟುಕೊಂಡು ನೋಡುವನು. ಬಟ್ಟೆ ಬಿಳಿಯಾಗಿಯೇ ಉಳಿದರೆ ಸುಖ. ಕೆಂಪಾದರೆ ಏರಿಯ ಒಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಕಟ್ಟೆ ಅತ್ತರೆ ಅಡ್ಡಿಯಿಲ್ಲ, ರಕ್ತ ಕಾರಬಾರದು ಅನ್ನುವುದು ಅವನ ಮಾತು. ಇವರೂ ಅದನ್ನೇ ಅನ್ನುತ್ತಿದ್ದರು. ಹಳೆಯ ಬಟ್ಟೆ ಹರಿದಾಗ ಜಂಬಯ್ಯ, ಮಗಳ ಅಂಗಿಗೆಂದು ಉಚ್ಚೆಂಗಮ್ಮನ ತಮ್ಮ ತಂದುಕೊಟ್ಟಿದ್ದ ಮಲ್ಲು ಬಟ್ಟೆಯಿಂದ ಒಂದು ತುಂಡು ಹರಿದುಕೊಂಡು ಹೋಗಿದ್ದ. ಸವತಿಗೆ ಸೀರೆ ತರುವ ಗಂಡಂದಿರಿದ್ದಾರೆ, ಮಗಳ ಅಂಗಿ ಹರಿದು ಕೊಡುವವನನ್ನು ಎಲ್ಲೂ ಕಂಡಿಲ್ಲ ಎಂದು ಹದಿನೈದು ದಿನ ಆಡಿಕೊಂಡಳು.

ಧಾತು ಸಂವತ್ಸರದ ಶ್ರಾವಣದಲ್ಲಿ ಅದೇ ತಮ್ಮ ಸಂಡೂರಿನಿಂದ ಬಂದ. ಅಲ್ಲಿಯ ಮ್ಯಾಂಗನೀಸ್ ಗಣಿಯಲ್ಲಿ ಭಾವನಿಗೆ ಮೇಸ್ತ್ರಿ ಕೆಲಸ ಗೊತ್ತುಮಾಡಿದ್ದ. ಹಗಲು ಕೆಲಸ, ಕತ್ತಲಾದರೆ ಮನೆ. ಜಂಬಯ್ಯ ಮಳೆ ಮುಗಿಯಲಿ ಅಂದ. ಇದು ನೆಪ, ಮಳೆ ಮುಗಿದರೆ ಏರಿಗೆ ಮಣ್ಣು ಹಾಕುವುದಿದೆ ಅನ್ನುತ್ತಾನೆ, ಮಣ್ಣು ಹಾಕಿದರೆ ಮತ್ತೆ ಮಳೆ ಬರುತ್ತದೆ ಎಂದು ಉಚ್ಚೆಂಗಮ್ಮನಿಗೆ ಗೊತ್ತಿತ್ತು. ನನ್ನ ಮುಂದೆ ಕೂತು, ಸಾಹೇಬರಿಗೆ ಹೇಳಿ ತನ್ನ ಗಂಡನನ್ನು ಕೆಲಸದಿಂದ ತೆಗೆಸಬೇಕು ಎಂದು ಬೇಡಿಕೊಂಡಳು. ಗಂಡನಿಗೆ ಕೆಲಸ ಕೊಡಿಸಿ ಎಂದು ಬಂದವರನ್ನು ಕಂಡಿದ್ದೆ, ತೆಗೆಸಿ ಎಂದವಳು ಇವಳೇ ಮೊದಲು. ಅದು ನನ್ನಿಂದಾಗದು, ಹೋಗಬೇಕಾದವನು ತಾನಾಗಿ ಹೋಗಲಿ ಅಂದೆ.

ಅವಳು ಅತ್ತಳು, ಉಪವಾಸ ಕೂತಳು, ಮಗಳನ್ನು ಕಟ್ಟಿಕೊಂಡು ಕಂಪ್ಲಿಗೆ ಹೊರಟೇಬಿಟ್ಟಳು. ಜಂಬಯ್ಯ ದಾರಿಯಲ್ಲಿ ಅಡ್ಡ ನಿಂತು, ಆಯಿತು, ಕಟ್ಟೆಯ ಪೂಜೆಯಾದ ದಿನವೇ ಸಂಡೂರಿಗೆ ಹೋಗೋಣ ಎಂದು ಮಾತು ಕೊಟ್ಟ. ಕಾವಲು ಅವನ ಅಕ್ಕ ತಾಯಕ್ಕನ ಮಗನಿಗೆ ಎಂದಾಯಿತು.

ಹೊಸ ನೀರು ನಿಂತಾಗ ನೀರಗಂಟಿಯ ಹೆಂಡತಿ ತೂಬಿನ ಬುಡ ಸಾರಿಸಿ, ಗಂಗಮ್ಮನೆಂದು ಕಟ್ಟೆಗೆ ಉಡಿ ತುಂಬುವುದು ಅಲ್ಲಿಯ ಪದ್ಧತಿ. ಉಚ್ಚೆಂಗಮ್ಮ ಯಾವ ವರ್ಷವೂ ಉಡಿ ತುಂಬಿರಲಿಲ್ಲ, ತಾಯಕ್ಕನೇ ಮಾಡುತ್ತಿದ್ದಳು. ಸೆಗಣಿ ಬಳಿದು ಸುತ್ತ ಕೆಮ್ಮಣ್ಣಿನ ಅಂಚು ಕೊಡುವುದರಿಂದ ಪೂಜೆಯ ದಿನ ಬಟ್ಟೆ ತುಸು ಕೆಂಪಾಗುವುದು ವಾಡಿಕೆ. ಅದಕ್ಕೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಆ ವರ್ಷ ಉಚ್ಚೆಂಗಮ್ಮ ತಾನೇ ತುಂಬುತ್ತೇನೆ ಅಂದಳು. ಮನೆಬಿಟ್ಟು ಹೋಗುವವಳಿಗೆ ಉಡಿ ತುಂಬಿ ಕಳಿಸುವುದಿಲ್ಲವೇ, ಹಾಗೆ. ಹೋಗುವವಳು ತಾನಾದರೂ ಕಳಿಸಿಕೊಡುವ ಗತ್ತು ಅವಳದಾಗಿತ್ತು.

ಇವರ ಜೊತೆ ನಾನೂ ಮಗುವನ್ನೆತ್ತಿಕೊಂಡು ಹೋಗಿದ್ದೆ. ರಾತ್ರಿಯೆಲ್ಲ ಗುಡ್ಡದಲ್ಲಿ ಮಳೆಯಾಗಿ ನೀರು ಕೋಡಿಗೆ ಹತ್ತಿರ ಬಂದಿತ್ತು. ನಾವು ಮುಟ್ಟುವ ಹೊತ್ತಿಗೆ ಸಾರಿಸಿದ್ದು ಮುಗಿದು, ತುಂತುರು ಹನಿಗೆ ರಂಗೋಲಿ, ಸೆಗಣಿ, ಕುಂಕುಮ ಎಲ್ಲ ಕಲಸಿಹೋಗಿತ್ತು. ದಾರಿಯ ಮೇಲೆ ಅವಳ ತಮ್ಮ ಬಂಡಿ ಹೂಡಿ ನಿಂತಿದ್ದ. ಪಾತ್ರೆ, ಕೋಳಿಬುಟ್ಟಿ, ಮಗಳು, ಎಲ್ಲ ಬಂಡಿಯಲ್ಲೇ. ಅಷ್ಟು ಚೆಂದವಾಗಿ ತಲೆ ಬಾಚಿಕೊಂಡ ಉಚ್ಚೆಂಗಮ್ಮನನ್ನು ನಾನು ಹಿಂದೆ ಕಂಡಿರಲಿಲ್ಲ. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಇಟ್ಟು ಉಡಿ ತುಂಬಿದಳು.

ಹೊರಡುವ ಮುಂಚೆ ಜಂಬಯ್ಯ ಕೊನೆಯ ಸಲ ಬಟ್ಟೆ ಹಿಡಿದ. ಕೆಂಪಾಯಿತು.

ತಾಯಕ್ಕ ನಕ್ಕು, ಕೆಮ್ಮಣ್ಣು ಅಂದರೆ ಇವಳಿಗೆ ತವರಿನ ಹೊಳೆ ಮಣ್ಣಿನ ಹಾಗೆ ಲೆಕ್ಕಕ್ಕಿಲ್ಲ, ಬುಟ್ಟಿಗಟ್ಟಲೆ ಬಳಿದಿದ್ದಾಳೆ ಅಂದಳು. ಇವರೂ ಬಗ್ಗಿ ನೋಡಿ, ಪೂಜೆಯ ಮಣ್ಣೇ ಇರಬೇಕು, ಸಂಜೆ ಮತ್ತೆ ನೋಡೋಣ ಅಂದರು. ಜಂಬಯ್ಯ ಬಟ್ಟೆ ಹಿಂಡಿ ಹೆಂಡತಿಯ ಕಡೆ ತಿರುಗಿದ.

"ಉಚ್ಚೆಂಗಿ, ಕೆಮ್ಮಣ್ಣು ಹಚ್ಚಿದ್ಯೇನಲೇ?"

ಅವಳು ಬಂಡಿಯ ಕಡೆ ನೋಡಿದಳು. ಎತ್ತುಗಳು ತಲೆ ಕೊಡವುತ್ತಿದ್ದವು. ಹೂಂ ಅಂದಿದ್ದರೆ ಆ ಕ್ಷಣವೇ ಹೊರಡುತ್ತಿದ್ದರು, ಯಾರೂ ತಡೆಯುತ್ತಿರಲಿಲ್ಲ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇಲ್ಲ," ಅಂದಳು. "ಸೆಗಣಿ ಅಷ್ಟ ಬಳದೀನಿ. ಇದಕ್ಯಾಕ ಕೆಮ್ಮಣ್ಣಿನ ಅಂಚು ಅಂತ ಬಿಟ್ಟೀನಿ."

ತಾಯಕ್ಕ ಎದೆಗೆ ಕೈಯಿಟ್ಟುಕೊಂಡು, ಗಂಗಮ್ಮನ ಪೂಜೆಯಲ್ಲೂ ಮತ್ಸರವೇನೇ ನಿನಗೆ ಎಂದು ಬಾಯಿ ಮಾಡಿದಳು. ಅದನ್ನು ಕೇಳಲು ಜಂಬಯ್ಯ ಅಲ್ಲಿರಲಿಲ್ಲ. ತೂಬಿನ ಬಾಗಿಲು ಎತ್ತಲು ಓಡಿದ್ದ. ಇವರು ನನ್ನನ್ನು ದಿಬ್ಬದ ಮೇಲಿನ ಗುಡಿಗೆ ಕಳಿಸಿ, ಕೆಳಗಿನ ಕೇರಿಗೆ ಡಂಗುರ ಹೊಡೆಸಿದರು. ಜನ ಮಕ್ಕಳು, ಮುದುಕರು, ಕರುಗಳ ಸಮೇತ ದಿಬ್ಬ ಹತ್ತಿ ಬಂದರು. ಸಂಡೂರಿಗೆ ಹೂಡಿದ್ದ ಬಂಡಿ ಹಳ್ಳದ ಮರಳು ಹೊರತೊಡಗಿತು. ಜಿನುಗನ್ನು ಒತ್ತಿ ಮುಚ್ಚಿದರೆ ನೀರು ಬೇರೆ ಕಡೆ ಸಿಡಿಯುತ್ತದಂತೆ. ಅದಕ್ಕೆ ಮೊದಲು ಮರಳು, ಅದರ ಮೇಲೆ ಗರಸಿನ ಸಣ್ಣಕಲ್ಲು, ಮೇಲೆ ಕಲ್ಲು ಹೇರಿದರು, ನೀರು ಬರಲಿ ಮಣ್ಣು ನಿಲ್ಲಲಿ ಎಂದು. ತಲೆ ಬಾಚಿಕೊಂಡಿದ್ದ ಉಚ್ಚೆಂಗಮ್ಮ ಅದೇ ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತಳು. ಬೈಯುತ್ತಲೇ ಹೊತ್ತಳು ಎಂದು ಆಮೇಲೆ ಇವರು ಹೇಳಿ ನಕ್ಕರು. ಹೊತ್ತು ಇಳಿಯುವಾಗ ಬಟ್ಟೆ ಬೆಳ್ಳಗಾಯಿತು. ಕಟ್ಟೆ ನಿಂತಿತು.

ಜಂಬಯ್ಯ ಸಂಡೂರಿಗೆ ಹೋಗಲಿಲ್ಲ. ಒಳಗೆ ಹುಣ್ಣಾದ ಕಟ್ಟೆಯನ್ನು ಹೊಸಬನ ಕೈಗೆ ಕೊಡಲು ಅವನಿಗೂ ಮನಸ್ಸಿಲ್ಲ, ಇವರಿಗೂ ಧೈರ್ಯವಿಲ್ಲ. ಉಚ್ಚೆಂಗಮ್ಮನ ತಮ್ಮ ಕಾದು ಕಾದು ಖಾಲಿ ಬಂಡಿಯಲ್ಲಿ ಹಿಂತಿರುಗಿದ. ಮೇಸ್ತ್ರಿ ಕೆಲಸ ಇನ್ನೊಬ್ಬರ ಪಾಲಾಯಿತು.

ಕೆಲವು ದಿನ ಹಾಲು ತಾಯಕ್ಕನ ಕೈಯಲ್ಲಿ ಬಂತು. ಆಮೇಲೆ ಒಂದು ಬೆಳಿಗ್ಗೆ ಉಚ್ಚೆಂಗಮ್ಮನೇ ಬಂದಳು. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಮಗುವಿನ ಕಾಲು ಸವರಿದಳು, ಕಟ್ಟೆಯ ಮಾತು ತೆಗೆಯಲಿಲ್ಲ. ನಾನೇ ತಡೆಯಲಾರದೆ, ಕೆಳಗಿನ ಕೇರಿಯ ಮಕ್ಕಳ ಮುಖ ನೋಡಿ ನಿಜ ಹೇಳಿದೆ ಅಲ್ಲವೇ ಎಂದು ಕೇಳಿದೆ.

"ಅದೂ ಐತಿ ಅನ್ರಿ," ಅಂದಳು. ಮಗುವಿನ ಇನ್ನೊಂದು ಕಾಲು ಸವರಿದಳು. "ಅದು ಒಡದು ಹೋಗಿದ್ರ ಈತ ಸಾಯೋತನ ಅದನ್ನ ನೆನಸಿ ಅಳ್ತಿದ್ದ ಅಮ್ಮಾರ. ಇದ್ದಾಕಿ ಜೋಡಿ ಜಗಳ ಆಡಬಹುದು. ಸತ್ತಾಕಿ ಜೋಡಿ ಹೆಂಗ ಆಡ್ಲಿ?"

ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಅವಳ ಅಂಗೈಗೆ ಸುರಿದೆ. ಅವಳು ಅದನ್ನು ತಲೆಗೆ ಒತ್ತಿಕೊಂಡು ಎದ್ದಳು. ಗುಡ್ಡದ ಮೇಲೆ ಮೋಡ ಇಳಿಯುತ್ತಿತ್ತು. ಚೆಂಬು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ದಾರಿ ಬಿಟ್ಟು ಕಣಿವೆಯ ದಾರಿ ಹಿಡಿದಳು. ಗಂಡನನ್ನೂ ಕಟ್ಟೆಯನ್ನೂ ಇಬ್ಬರನ್ನೇ ಬಿಡಲು ಅವಳಿಗೆ ಮನಸ್ಸಿರಲಿಲ್ಲ.