ಗಿರಣಿ ಬಿಟ್ಟ ವರ್ಷ

ನಾನು ಐದು ತಿಂಗಳ ಬಸುರಿ. ಆಗಲೇ ಗಿರಣಿಯಲ್ಲಿ ಆ ಸುದ್ದಿ ಹಬ್ಬಿತು. ತಾವಾಗಿ ಕೆಲಸ ಬಿಡುವವರಿಗೆ ಇಡಿಗಂಟು ಕೊಟ್ಟು ಕಳಿಸುತ್ತಾರಂತೆ, ಬಿಡದವರ ಗತಿ ಮುಂದೆ ಏನೋ ಯಾರಿಗೂ ತಿಳಿಯದಂತೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಪ್ಪಳದ ಹೊರಗಿದ್ದ ನೂಲಿನ ಗಿರಣಿ ಅದು. ನನ್ನ ಗಂಡ ಯಂತ್ರಗಳಿಗೆ ಎಣ್ಣೆ ಹಾಕಿ ರಿಪೇರಿ ನೋಡುತ್ತಿದ್ದರು. ನಾನು ನೂಲನ್ನು ಲಡಿ ಸುತ್ತುವ ಖಾತೆಯಲ್ಲಿದ್ದೆ.

ನನಗೆ ಆ ಕೆಲಸ ಇಷ್ಟವಾಗಿತ್ತು. ಬೇವೂರಿನ ನನ್ನ ತವರಿನಲ್ಲಿ ಹೆಂಗಸರು ಹೊಲಕ್ಕೆ ಹೋಗಿ ದುಡಿದವರು. ಗಿರಣಿಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗುವ ಹೊತ್ತಿಗೆ ಡಬ್ಬಿ ಹಿಡಿದು ಪಾಳಿಗೆ ಹೋದವಳು ನಾನೇ ಮೊದಲು. ಎಳೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ತುದಿ ಹುಡುಕಿ ಗಂಟು ಹಾಕಬೇಕು. ಅದನ್ನು ನನಗೆ ಕಲಿಸಿದವಳು ಪಕ್ಕದ ಯಂತ್ರದ ಹೆಂಗಸು, ಗಂಗಾವತಿ ಕಡೆಯ ಮುಸ್ಲಿಮರವಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು; ಎಲ್ಲರಿಗೂ ಅವಳು ಆಪಾ, ಅಂದರೆ ಅಕ್ಕ. ಶುರುವಿನಲ್ಲಿ ಒಮ್ಮೆ ನನ್ನ ಬೆರಳು ಕೊಯ್ದು ರಕ್ತ ಬಂದಾಗ ತನ್ನ ಸೆರಗಿನ ತುದಿ ಹರಿದು ಕಟ್ಟಿದ್ದಳು. ಊಟಕ್ಕೆ ಕೂತರೆ ಅವಳ ಡಬ್ಬಿಯ ಅನ್ನ ನನಗೆ, ನನ್ನ ರೊಟ್ಟಿ ಅವಳಿಗೆ.

ಕೆಲಸದ ಮೇಲ್ವಿಚಾರಣೆ ನೋಡುವ ಮುಕಾದಮರು ನನ್ನನ್ನೂ ನನ್ನ ಗಂಡನನ್ನೂ ಒಟ್ಟಿಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರು ಹೇಳಿದ್ದನ್ನು ನಮಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು.

“ಒಂದ ಮನಿಯಾಗ ಇಬ್ಬರು ಅದೀರಿ. ಒಬ್ಬರು ತಾವಾಗಿ ಬಿಟ್ಟರ ಇನ್ನೊಬ್ಬರನ್ನ ಮುಟ್ಟೂದಿಲ್ಲ ಅಂತ ಸಾಹೇಬ್ರು ಹೇಳ್ಯಾರ. ಇಬ್ಬರೂ ಇರ್ತೀವಿ ಅಂದ್ರ ಇಬ್ಬರಿಗೂ ಭರವಸೆ ಇಲ್ಲ” ಎಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, “ಹೆಂಗೂ ತಂಗಿ ಹಡಿಯಾಕ ಹೋಗಾಕಿ ಅದಾಳ” ಎಂದು ದನಿ ಇಳಿಸಿದರು.

ಯಾರು ಬಿಡಬೇಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮನೆಯಲ್ಲಿ ಅತ್ತೆಗೆ ಅನುಮಾನವೇ ಇರಲಿಲ್ಲ. ಇದಕ್ಕೂ ಮೊದಲು ಎರಡು ಸಲ ನಾನು ಬಸುರಾಗಿ, ಎರಡು ಸಲವೂ ನಿಲ್ಲದೆ ಹೋಗಿತ್ತು. “ಬಿಟ್ಟಬಿಡವಾ ಯವ್ವಾ. ಮುಂಜಾನಿಂದ ಸಂಜೀತನಕ ನಿಂತ ದುಡದು, ಇದೂ ಹ್ವಾದ್ರ ಏನ ಮಾಡೂದು?” ಎಂದು ಕಣ್ಣೀರು ತೆಗೆದಳು. ನಾನು ಗಂಡನನ್ನು ಕೇಳಿದೆ, “ನೀವು ಏನಂತೀರಿ?”

“ನಿನಗ ಹೆಂಗ ತಿಳೀತೈತಿ ಹಂಗ ಮಾಡು.”

“ನನಗ ಬಿಡಾಕ ಮನಸ್ಸಿಲ್ರಿ.”

ಅವರು ಗೋಡೆ ನೋಡುತ್ತ ಕೂತರು. “ನಾ ಬಿಟ್ಟು ಮನಿಯಾಗ ಕುಂತ್ರ ಮಂದಿ ಏನಂತಾರ?” ಎಂದರು. ಅಷ್ಟೇ.

ಆಪಾ ಮಾತ್ರ ಬೇಡವೆಂದಳು. “ಬಿಡಬ್ಯಾಡ. ನೀ ಇದ್ದಿ ಅಂದ್ರ ಹಡಿಯಾಕ ಪಗಾರದ ರಜಾ ಕೊಡಬೇಕು, ಗಿರಣಿ ದವಾಖಾನ್ಯಾಗ ತೋರಸಬೇಕು. ಅದನ್ನ ತಪ್ಪಿಸಾಕ ಬಸುರಿ ಹೆಣ್ಣಮಕ್ಕಳನ್ನ ಮೊದಲ ಕೇಳಾಕತ್ಯಾರ, ನಿನಗ ತಿಳಿಯೂದಿಲ್ಲೇನ?” ಅವಳ ಮಾತು ನಿಜವೆಂದು ನನಗೆ ಗೊತ್ತಿತ್ತು. ಬಿಡುವುದಿಲ್ಲ ಎಂದು ಮುಕಾದಮರಿಗೆ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಹೇಳಲು ಆಗಲಿಲ್ಲ. ಅದೇ ವಾರ ಪಾಳಿಯ ನಡುವೆ ಕಿಬ್ಬೊಟ್ಟೆ ಹಿಂಡಿದಂತಾಯಿತು. ಹೋಗಿ ನೋಡಿಕೊಂಡರೆ ಸೀರೆಗೆ ರಕ್ತದ ಕಲೆ. ನೂಲಿನ ಮೂಟೆಗಳ ಹಿಂದೆ ನೆಲದ ಮೇಲೆ ಕೂತುಬಿಟ್ಟೆ. ಆಪಾ ತನ್ನ ಯಂತ್ರ, ನನ್ನ ಯಂತ್ರ ಎರಡನ್ನೂ ಓಡಿಸುತ್ತ ನಡುನಡುವೆ ಬಂದು ನನ್ನ ಹಣೆ ಮುಟ್ಟಿ ಹೋಗುತ್ತಿದ್ದಳು. ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಒಳಗೆ ಕೂಸು ಮಿಸುಕಿತು. ಅಲ್ಲಿಗೆ ನನ್ನ ಗಟ್ಟಿತನ ಮುಗಿಯಿತು.

ಮರುದಿನ ಆಫೀಸಿನಲ್ಲಿ ಕೆಲಸ ಬಿಡುವ ಕಾಗದಕ್ಕೆ ರುಜು ಮಾಡಿದೆ. ನನಗೆ ಓದಲು ಬರುತ್ತಿತ್ತು. ‘ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ’ ಎಂದು ಬರೆದಿತ್ತು. ಗಿರಣಿಯ ದವಾಖಾನೆಯಲ್ಲಿ ತೋರಿಸಲು ಕೊಟ್ಟಿದ್ದ ಚೀಟಿಯನ್ನು ವಾಪಸ್ ಇಸಿದುಕೊಂಡರು. ಗೇಟಿನ ಹತ್ತಿರ ಆಪಾ ನನ್ನ ಕೈ ಹಿಡಿದುಕೊಂಡು, “ಕೂಸು ಛಲೋ ಇರ್ಲಿ, ಅಷ್ಟ ಸಾಕು” ಎಂದಳು. ಸಿಟ್ಟಾಗಿದ್ದಳೋ ಏನೋ, ನನ್ನ ಮುಖ ನೋಡಲಿಲ್ಲ.

ಏಳನೆಯ ತಿಂಗಳಿಗೆ ಅವ್ವ ಬಂದು ಬೇವೂರಿಗೆ ಕರೆದೊಯ್ದಳು. ದಿನ ತುಂಬಿ, ಹೆಚ್ಚು ತ್ರಾಸಿಲ್ಲದೆ, ಹೆಣ್ಣು ಕೂಸು ಹುಟ್ಟಿತು. ತಲೆತುಂಬ ಕೂದಲು, ಜೋರು ದನಿ. ಸುದ್ದಿ ತಿಳಿದು ಗಂಡ ಬಂದರು. ಅವರು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡುವುದನ್ನು ಒಳಗೆ ಮಲಗಿ ನೋಡುತ್ತಿದ್ದೆ. ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಆವತ್ತು ನನಗೆ ಮನಸಾರೆ ಅನಿಸಿತ್ತು.

ಅವರು ಕೊಪ್ಪಳಕ್ಕೆ ಮರಳಿದ ಮೇಲೆ ಕೂಸು ಮೊಲೆ ಹಿಡಿಯುವುದು ಕಡಿಮೆಯಾಯಿತು. ನಾಲ್ಕು ಗುಟುಕು ಕುಡಿದು ಬೆವರುತ್ತಿತ್ತು. ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ತುಟಿ ನೀಲಿಗಟ್ಟಿದ್ದು ಕಂಡು ಅವ್ವ ಗಾಬರಿಯಾದಳು. ಹಿಂದಿನ ದಿನ ಮಳೆ ಸುರಿದು ಎರೆಮಣ್ಣು ಅಂಟಂಟಾಗಿ ಊರೊಳಗೆ ಬಸ್ಸು ಬಂದಿರಲಿಲ್ಲ. ಅಪ್ಪ ಗಾಡಿ ಕಟ್ಟಿ ನಮ್ಮನ್ನು ದೊಡ್ಡ ರಸ್ತೆಗೆ ಮುಟ್ಟಿಸಿದ. ಅಲ್ಲಿಂದ ಯಲಬುರ್ಗಾ, ಬಸ್ಸು ಬದಲಿಸಿ ಕೊಪ್ಪಳದ ದಾರಿ.

ಯಲಬುರ್ಗಾ ದಾಟಿದ ಸ್ವಲ್ಪ ಹೊತ್ತಿಗೆ ನನ್ನ ಮಡಿಲಲ್ಲಿದ್ದ ಕೂಸು ಉಸಿರು ನಿಲ್ಲಿಸಿತು. ನನಗೆ ತಿಳಿಯಿತು. ಅವ್ವನಿಗೂ ತಿಳಿಯಿತು. ಇಬ್ಬರೂ ಬಾಯಿ ಬಿಡಲಿಲ್ಲ. ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆ ಎನ್ನುವಂತೆ, ಸೆರಗು ಹೊದಿಸಿ, ಬಸ್ಸು ಕುಲುಕಿದಾಗಲೆಲ್ಲ ಕೂಸಿನ ಕತ್ತು ಹಿಡಿದುಕೊಂಡು ಕೂತೆ. ಮುಂದಿನ ಸೀಟಿನ ಮುದುಕಿ ತಿರುಗಿ, “ಗಂಡೋ ಹೆಣ್ಣೋ ಯವ್ವಾ?” ಎಂದು ಕೇಳಿದಳು. “ಹೆಣ್ಣು” ಎಂದೆ.

ಸರ್ಕಾರಿ ದವಾಖಾನೆಯ ಡಾಕ್ಟರು ನೋಡಿ, ಕೂಸಿನ ಹೃದಯ ಹುಟ್ಟಿನಿಂದಲೇ ಸರಿಯಿರಲಿಲ್ಲ ಎನಿಸುತ್ತದೆ ಎಂದರು. “ಎಲ್ಲಿದ್ದರೂ ಉಳಿಸೋದು ಕಷ್ಟ ಇತ್ತಮ್ಮ.” ಕಂಡದ್ದನ್ನೇ ಹೇಳಿದರೋ, ನನ್ನನ್ನು ನೋಡಲಾಗದೆ ಹಾಗೆಂದರೋ ಇವತ್ತಿಗೂ ತಿಳಿಯದು. ಗಂಡ ಗಿರಣಿಯಿಂದ ಓಡಿ ಬಂದರು. ಕೈತುಂಬ ಎಣ್ಣೆಯ ಮಸಿ. ಆ ಕೈಯಲ್ಲಿ ಕೂಸನ್ನು ಮುಟ್ಟಲಾರದೆ ನಳದ ಹತ್ತಿರ ಹೋಗಿ ತಿಕ್ಕಿ ತಿಕ್ಕಿ ತೊಳೆಯತೊಡಗಿದರು. ಗಾಡಿಯನ್ನು ಮನೆಗೆ ಮುಟ್ಟಿಸಿ ಮುಂದಿನ ಬಸ್ಸಿಗೆ ಬಂದಿದ್ದ ಅಪ್ಪ ಹೋಗಿ ಭುಜ ಹಿಡಿದು ಕರೆತರಬೇಕಾಯಿತು.

ಆಮೇಲಿನ ದಿನಗಳಲ್ಲಿ ಕೊಪ್ಪಳದ ನಮ್ಮ ಮನೆಯಲ್ಲೇ ಉಳಿದು, ಎದೆಹಾಲು ಇಂಗುವವರೆಗೆ ಅವ್ವ ಬಿಗಿಯಾಗಿ ಬಟ್ಟೆ ಕಟ್ಟಿದಳು. ಮುಂಜಾನೆ ಭೋಂಗಾ ಕೂಗಿದರೆ ಎದ್ದು ಕೂರುತ್ತಿದ್ದೆ. ಹೋಗಬೇಕಾದ ಪಾಳಿಯೂ ಇಲ್ಲ, ಎತ್ತಿಕೊಳ್ಳಬೇಕಾದ ಕೂಸೂ ಇಲ್ಲ. ಮೈ ಸುಧಾರಿಸಿದ ಮೇಲೆ ಗಿರಣಿಗೆ ಹೋಗಿ ಕೇಳಿದೆ. ಮುಕಾದಮರು ತಲೆ ತಗ್ಗಿಸಿ, “ತಾವಾಗಿ ಬಿಟ್ಟವರನ್ನ ತಿರುಗಿ ತಗೊಳ್ಳೂ ಹಂಗಿಲ್ಲ ತಂಗಿ” ಎಂದರು.

ಆಪಾ ರಜೆಯ ದಿನ ಬಂದು ಸುಮ್ಮನೆ ನನ್ನ ಪಕ್ಕ ಕೂರುತ್ತಿದ್ದಳು. ಒಮ್ಮೆ ಕೇಳಿಯೇಬಿಟ್ಟೆ, “ನಾ ಕೆಲಸ ಬಿಡದ ಇದ್ದಿದ್ರ, ಇಲ್ಲೇ ಹಡದಿದ್ರ, ಉಳೀತಿತ್ತೇನ ಆಪಾ?”

“ನನಗ ಗೊತ್ತಿಲ್ಲವಾ. ಗೊತ್ತೈತಿ ಅಂತ ಯಾರರೆ ಹೇಳಿದ್ರ ನಂಬಬ್ಯಾಡ.”

ಎಷ್ಟೋ ಜನ ಏನೇನೋ ಸಮಾಧಾನ ಹೇಳಿದರು. ಅವಳೊಬ್ಬಳ ಮಾತು ಮಾತ್ರ ನಿಂತಿತು.

ಕೆಲವೇ ವರ್ಷಗಳಲ್ಲಿ ಗಿರಣಿಯೇ ಮುಚ್ಚಿತು. ಗಂಡ ಉಳಿಸಿಕೊಂಡಿದ್ದ ಕೆಲಸವೂ ಹೋಯಿತು. ನಾವು ಕುಷ್ಟಗಿಗೆ ಬಂದೆವು. ಅವರು ಪಂಪ್‌ಸೆಟ್ಟು ರಿಪೇರಿಗೆ ನಿಂತರು, ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದೆ. ಮತ್ತೆ ಮಕ್ಕಳಾಗಲಿಲ್ಲ. ನಮ್ಮಿಬ್ಬರ ನಡುವೆ ಆ ವಿಷಯವೂ ಬರುತ್ತಿರಲಿಲ್ಲ.

ಒಂದು ಸಂಜೆ ನಾನು ಕಾಳು ಆರಿಸುತ್ತಿದ್ದೆ. ಅವರು ಇದ್ದಕ್ಕಿದ್ದಂತೆ, “ಅವತ್ತ ನಾನ ಬಿಡಬೇಕಾಗಿತ್ತು” ಎಂದರು.

ಆ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಕೇಳಿದಾಗ ಹಗುರವೇನೂ ಆಗಲಿಲ್ಲ. ಕಾಳಿನ ಮೊರವನ್ನು ಪಕ್ಕಕ್ಕಿಟ್ಟು, “ಆಕಿದು ಏನರೆ ನೆನಪೈತೇನ್ರಿ ನಿಮಗ?” ಎಂದು ಕೇಳಿದೆ.

“ಅಂಗಳದಾಗ ಎತ್ಕೊಂಡಾಗ ಒಂದ ಸವನ ಸೀನಿದ್ಲು,” ಎಂದರು. “ಬಿಸಲು ಮಾರಿಗೆ ಬಿದ್ದಿತ್ತು. ಸೀನಿ ಸೀನಿ ತಾನ ಗಾಬರಿ ಆಗಿ ನನ್ನ ನೋಡಿದ್ಲು. ನಾ ನಕ್ಕಬಿಟ್ಟೆ.”

ಅದು ನನಗೆ ಗೊತ್ತೇ ಇರಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದೆ. ಅವರು ಇನ್ನೊಮ್ಮೆ ಹೇಳಿದರು.