ಹತ್ತು ಬೆರಳಿನ ಹಾಜರಿ
ಸಾ ಮಿಲ್ಲಿನ ಮೇಸ್ತ್ರಿಗೆ ಕೆಲಸಗಾರರು ಇಟ್ಟ ಅಡ್ಡಹೆಸರು ಬೈಬಲ್ಲಿನ ಜ್ಞಾನಿ ರಾಜ ಸೊಲೊಮೋನನದು, ಏಕೆಂದರೆ ಬಾಯಿ ಬಿಟ್ಟರೆ ಅವನದು ಬರೀ ಜ್ಞಾನೋಕ್ತಿ: "ಜಾಣ ಹೇಳಿದ್ದು ಕೇಳ್ತಾನೆ, ಮೂಢ ಪೆಟ್ಟು ತಿಂದು ಕಲೀತಾನೆ." ಗರಗಸದ ಮುಚ್ಚಳ ಕೂದಲೆಳೆಯಷ್ಟು ಸರಿದಿದ್ದರೂ ಮಿಲ್ಲನ್ನೇ ನಿಲ್ಲಿಸುವ ಆಸಾಮಿ. ಸಂಜೆ ಬಾಗಿಲಿಗೆ ಅಡ್ಡ ನಿಂತು, ಪ್ರತಿಯೊಬ್ಬರ ಹತ್ತು ಬೆರಳನ್ನೂ ಎಣಿಸಿಯೇ ಮನೆಗೆ ಬಿಡುತ್ತಿದ್ದ. "ನಾಳೆ ಹನ್ನೊಂದಾಗಲ್ಲ ಬಿಡಿ ಮೇಸ್ತ್ರಿ" ಎಂದು ಹೊಸದಾಗಿ ಸೇರಿದವನು ದಿನಾ ಕಿಚಾಯಿಸುತ್ತಿದ್ದ. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಮೇಸ್ತ್ರಿ ಒಬ್ಬ ಮುದುಕನ ಅಂಗಿಗೆ ಗುಂಡಿ ಹಾಕುತ್ತಿದ್ದುದನ್ನು ಕಂಡು ಹೊಸಬ ಹತ್ತಿರ ಹೋದ. ಮುದುಕನಿಗೆ ಎರಡೂ ಮಣಿಕಟ್ಟಿನಿಂದ ಮುಂದೆ ಕೈಯೇ ಇರಲಿಲ್ಲ. "ನಮ್ಮಣ್ಣ," ಎಂದ ಮೇಸ್ತ್ರಿ, ತಲೆ ಎತ್ತದೆ. "ಮುಚ್ಚಳ ತೆಗೀಬೇಡ ಕಣೋ ಅಂದಿದ್ದ. ತೆಗೆದೆ. ಗರಗಸಕ್ಕೆ ಸಿಗ್ತಿದ್ದ ನನ್ನನ್ನ ಎಳ್ಕೊಳ್ಳೋಕೆ ಕೈ ಹಾಕಿದ." ಮುದುಕ ಹೊಸಬನನ್ನು ನೋಡಿ ನಕ್ಕ: "ಇವನ ಹತ್ತೂ ಉಳೀತಲ್ಲಪ್ಪ, ಸಾಕು."